ಉದುರು ದ್ರಾಕ್ಷಿ

ಫೆಬ್ರವರಿ 3, ಸೋಮವಾರ

ಮಗಳು ಈ ಪುಸ್ತಕ ಕೊಟ್ಟು ದಿನಾ ಬರಿ ಎಂದಿದ್ದಾಳೆ. ಮೊಣಕಾಲು ಹೇಗಿದೆ, ನಿದ್ದೆ ಬಂತೇ, ಊಟ ಸೇರಿತೇ, ಎಲ್ಲವನ್ನೂ ಬರೆಯಬೇಕಂತೆ. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು ನಾನು. ಆಮೇಲೆ ಬರೆದದ್ದೆಲ್ಲ ಹಣ್ಣಿನ ರಾಶಿಗೆ ಸಿಕ್ಕಿಸುವ ರಟ್ಟಿನ ಮೇಲೆ. ‘ಸಿಹಿ.’ ‘ತುಂಬಾ ಸಿಹಿ.’ ‘ಇವತ್ತು ಬಂದದ್ದು.’ ಅದರಲ್ಲೂ ಅರ್ಧ ಸುಳ್ಳು.

ಪುಸ್ತಕದ ಜೊತೆ ಒಂದು ಡಬ್ಬಿಯೂ ಬಂತು. ಒಳಗೆ ಕಂದು ಬಣ್ಣದ ಕ್ಯಾಪ್ಸೂಲುಗಳು.

“ಕೆಂಪು ದ್ರಾಕ್ಷಿ ಸಿಪ್ಪೇಲಿರೋ ಸತ್ವ ಅಮ್ಮ ಇದು. ಆಂಟಿಆಕ್ಸಿಡೆಂಟು. ಹೃದಯಕ್ಕೆ ಒಳ್ಳೇದಂತೆ, ಆಯಸ್ಸೂ ಜಾಸ್ತಿ ಆಗುತ್ತಂತೆ. ಬೆಳಿಗ್ಗೆ ಒಂದು ನುಂಗು.”

“ಯಾರ ಆಯಸ್ಸು? ಮಾರೋನದಾ?”

“ನಿನ್ನದು.”

“ನನ್ನನ್ನ ಒಂದು ಮಾತು ಕೇಳಬೇಕಿತ್ತಲ್ಲ.”

ಅವಳು ಕೇಳಿಸದವಳ ಹಾಗೆ ಕಾರಿನ ಕೀಲಿ ಹುಡುಕಿದಳು. ಕೀಲಿ ಕೈಯಲ್ಲೇ ಇತ್ತು.

ಡಬ್ಬಿಯ ಮೇಲಿನ ಹೆಸರನ್ನು ನನಗೆ ಓದಲು ಬರುವ ಅಕ್ಷರದಲ್ಲಿ ಬರೆಸಿಕೊಂಡಿದ್ದೇನೆ: ರೆಸ್ವೆರಟ್ರಾಲ್. ನಾಲಿಗೆ ಮೂರು ಕಡೆ ಎಡವುತ್ತದೆ. ಇಷ್ಟು ದಿನ ಇದನ್ನೇ ಗೊಂಚಲು ಗೊಂಚಲಾಗಿ ತೂಗಿ ಮಾರಿದ್ದೇನಂತೆ, ನನಗೇ ಗೊತ್ತಿರಲಿಲ್ಲ.

ಮಾರಿದ್ದೇನೆಯೇ ಹೊರತು ಗೊಂಚಲಿನಿಂದ ಕಿತ್ತು ತಿಂದಿಲ್ಲ. ಗೊಂಚಲು ಗಿರಾಕಿಯದು. ಕಿತ್ತರೆ ಬೋಳು ಕಾಣುತ್ತದೆ, ತೂಕವೂ ಹೋಗುತ್ತದೆ. ಸಂಜೆ ಅಂಗಡಿ ಮುಚ್ಚುವಾಗ ಬುಟ್ಟಿಯ ತಳದಲ್ಲಿ ಉದುರಿ ಬಿದ್ದಿರುತ್ತಿತ್ತಲ್ಲ, ಅದು ನಮ್ಮದು. ನಮ್ಮ ಯಜಮಾನರು ಪ್ರತಿ ಸಂಜೆ ಒಂದು ಹಿಡಿ ಕಪ್ಪು ದ್ರಾಕ್ಷಿಯನ್ನು ಸಿಪ್ಪೆ ಸಮೇತ ಬಾಯಿಗೆ ಹಾಕಿಕೊಂಡೇ ಷಟರ್ ಎಳೆಯುತ್ತಿದ್ದರು. ಅಷ್ಟು ಸಿಪ್ಪೆ ಹೊಟ್ಟೆಗೆ ಹೋದ ಮನುಷ್ಯ ಹೋದ ಜೂನಿನಲ್ಲಿ ಅದೇ ಷಟರ್ ಎತ್ತಲು ಬಗ್ಗಿದವರು ಮೇಲೇಳಲಿಲ್ಲ. ಇದನ್ನು ಡಬ್ಬಿಯ ಮೇಲೆ ಯಾರೂ ಬರೆದಿಲ್ಲ.

ಫೆಬ್ರವರಿ 4, ಮಂಗಳವಾರ

ನುಂಗಲಿಲ್ಲ. ಕ್ಯಾಪ್ಸೂಲನ್ನು ಮೊಮ್ಮಗಳ ಪೆನ್ನಿನ ಡಬ್ಬಿಗೆ ಹಾಕಿದೆ. ಮೊಣಕಾಲು ನೋವಿದೆ.

ಫೆಬ್ರವರಿ 7, ಶುಕ್ರವಾರ

ಈ ಮನೆಯಲ್ಲಿ ಎಲ್ಲವೂ ಮಾತನಾಡುತ್ತದೆ, ಮನುಷ್ಯರನ್ನು ಬಿಟ್ಟು. ಫ್ರಿಜ್ಜು ಗೊಣಗುತ್ತದೆ. ಬಟ್ಟೆ ಒಗೆಯುವ ಯಂತ್ರ ಕೆಲಸ ಮುಗಿಸಿ ಹಾಡು ಹೇಳುತ್ತದೆ. ಲಿಫ್ಟು ಬಾಗಿಲು ಮುಚ್ಚುತ್ತಿದ್ದೇನೆ ಎಂದು ಹೆಣ್ಣಿನ ದನಿಯಲ್ಲಿ ಹೇಳುತ್ತದೆ, ಮರ್ಯಾದೆಯಿಂದ. ಮಗಳು ಬೆಳಿಗ್ಗೆ ಕನ್ನಡಕದ ಅಂಗಡಿಗೆ ಹೋದರೆ ಬರುವುದು ಸಂಜೆ ಏಳೂವರೆಗೆ. ಇಡೀ ದಿನ ಜನರ ಕಣ್ಣು ಪರೀಕ್ಷೆ ಮಾಡಿ ಬಂದವಳಿಗೆ ಮನೆಯಲ್ಲಿ ಏನೂ ನೋಡುವುದು ಬೇಡವಾಗಿರುತ್ತದೆ. ತಟ್ಟೆ ನೋಡಿಕೊಂಡು ಉಂಡು ಮಲಗುತ್ತಾಳೆ. ಅವಳದೂ ತಪ್ಪಲ್ಲ. ಗಂಡನನ್ನು ಬಿಟ್ಟು ಆರು ವರ್ಷವಾಯಿತು, ಮೊಮ್ಮಗಳು ಹಾಸ್ಟೆಲು ಸೇರಿ ಎರಡು ವರ್ಷ. ಒಬ್ಬಳೇ ಉಣ್ಣುವುದು ಅವಳಿಗೆ ರೂಢಿಯಾಗಿದೆ. ಎದುರಿಗೆ ನಾನು ಕೂತಿದ್ದರೂ ಒಬ್ಬಳೇ ಉಣ್ಣುತ್ತಾಳೆ.

ಅಂಗಡಿ ಮುಚ್ಚಿ ಇಲ್ಲಿಗೆ ಬಂದಾಗಿನಿಂದ ನಾನು ಮೊಮ್ಮಗಳ ಕೋಣೆಯಲ್ಲಿದ್ದೇನೆ. ಗೋಡೆಯ ಮೇಲೆ ಗಿಟಾರು ಹಿಡಿದ ನಾಲ್ವರು ಹುಡುಗರ ಚಿತ್ರ. ಬೆಳಿಗ್ಗೆ ಕಣ್ಣು ಬಿಟ್ಟರೆ ನಾಲ್ವರೂ ನನ್ನನ್ನೇ ನೋಡುತ್ತಾರೆ, ಇವಳು ಇನ್ನೂ ಇದ್ದಾಳಾ ಅನ್ನುವ ಹಾಗೆ.

ಮಾರುಕಟ್ಟೆಯಲ್ಲಿ ನನ್ನ ದನಿ ಆಚೆ ಸಾಲಿನ ಮೀನಿನಂಗಡಿಯವರೆಗೆ ಹೋಗುತ್ತಿತ್ತು. ಇವತ್ತು ಮಧ್ಯಾಹ್ನ, ಗಂಟಲು ಇದೆಯೋ ಇಲ್ಲವೋ ನೋಡೋಣ ಎಂದು, ನಡುಮನೆಯಲ್ಲಿ ನಿಂತು “ಸಿಹಿ ದ್ರಾಕ್ಷೀ” ಎಂದು ಒಂದು ಸಲ ಕೂಗಿದೆ. ಮೇಲಿನ ಮನೆಯಲ್ಲಿ ಕುರ್ಚಿ ಎಳೆಯುತ್ತಿದ್ದ ಸದ್ದು ನಿಂತಿತು. ಮತ್ತೆ ಕೂಗಲಿಲ್ಲ.

ಪುಸ್ತಕ ಎಲ್ಲಿ, ಏನು ಬರೆದೆ ಎಂದು ಮಗಳು ಇನ್ನೂ ಕೇಳಿಲ್ಲ. ಕೇಳುವುದೂ ಇಲ್ಲ ಅನ್ನಿಸುತ್ತದೆ. ಹಾಗಾದರೆ ಇದು ನನ್ನದೇ ಆಯಿತು.

ಫೆಬ್ರವರಿ 11, ಮಂಗಳವಾರ

ನನ್ನ ಬೂದು ಕೋಟು ಹೆಗಲಿನಿಂದ ಜಾರುತ್ತಿದೆ. ಬೆಳಗಿನ ಜಾವದ ಚಳಿಗೆಂದು ಅಂಗಡಿಯ ಕಾಲದಲ್ಲಿ ಹೊಲಿಸಿದ್ದು. ಕೋಟು ದೊಡ್ಡದಾಗುವುದಿಲ್ಲ, ನಾನೇ ಒಳಗೆ ಕರಗುತ್ತಿರಬೇಕು. ಊಟ ಸೇರುವುದಿಲ್ಲ. ಯಾರಿಗೆಂದು ಸೇರಬೇಕು.

ಕಟ್ಟಡದ ಕೆಳಗಿನ ಮನೆಯಲ್ಲಿ ಒಬ್ಬ ಟೈಲರ್ ಇದ್ದಾರೆ. ರಸ್ತೆ ಕಡೆಯ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಸಂಸಾರ. ನನಗಿಂತ ಒಂದೆರಡು ವರ್ಷ ಚಿಕ್ಕವರಿರಬಹುದು. ಕೋಟು ಹಾಕಿಸಿ, ಎರಡೂ ಪಕ್ಕ ಚಿವುಟಿ ಹಿಡಿದು ನೋಡಿದರು.

“ಸುಮಾರು ಒಳಗೆ ಹಿಡೀಬೇಕು ಅಕ್ಕ.”

“ಹಿಡೀರಿ. ಮಿಕ್ಕಿದ್ದು ಕತ್ತರಿಸಿ ಬಿಸಾಕಿ.”

“ಕತ್ತರಿಸಲ್ಲ. ಒಳಗೆ ಮಡಿಚಿ ಬಿಡ್ತೀನಿ. ಮುಂದೆ ಬಿಚ್ಚಬೇಕಾಗಬಹುದು.”

“ಮುಂದೆ ಬಿಚ್ಚೋರು ಯಾರು? ಈ ವಯಸ್ಸಲ್ಲಿ ನಾನೇನು ಬೆಳೆಯೋ ಹುಡುಗಿನಾ?”

ಅವರು ನಗಲಿಲ್ಲ, ಗುಂಡುಸೂಜಿ ಬಾಯಲ್ಲಿತ್ತು.

ಯಂತ್ರದ ಪಕ್ಕ ಅವರ ಹೆಂಡತಿ ಕೂತಿದ್ದರು, ಮಡಿಲಲ್ಲಿ ಗುಂಡಿಗಳ ಡಬ್ಬ. ಬಿಳಿ ಗುಂಡಿ ಆರಿಸುತ್ತಾರೆ, ಮತ್ತೆ ಡಬ್ಬಕ್ಕೆ ಸುರಿಯುತ್ತಾರೆ, ಮತ್ತೆ ಆರಿಸುತ್ತಾರೆ. ಮರೆವು. ಗಂಡನನ್ನು ಒಂದೊಂದು ಹೊತ್ತು ‘ಟೈಲರೇ’ ಎಂದು ಕರೆಯುತ್ತಾರೆ, ಗಿರಾಕಿಯ ಹಾಗೆ. ನಾನು ಹಣ್ಣಿನಂಗಡಿ ಇಟ್ಟಿದ್ದೆ ಎಂದು ಟೈಲರಿಗೆ ಹೇಳುತ್ತಿದ್ದುದು ಅವರ ಕಿವಿಗೆ ಬಿತ್ತು.

“ಏನಮ್ಮಾ ಹಣ್ಣಿನಮ್ಮ, ದ್ರಾಕ್ಷಿ ಹೇಗೆ ಕೊಟ್ಟೆ?”

ಎಷ್ಟು ದಿನವಾಗಿತ್ತು ಆ ಮಾತು ಕೇಳಿ. ಬಾಯಿ ತಾನೇ ಒಂದು ಬೆಲೆ ಹೇಳಿತು.

“ಅಯ್ಯೋ, ಹಗಲು ದರೋಡೆ. ನಾಳೆ ಬಾ, ನಾಳೆ ತಗೋತೀನಿ.”

ನಾಳೆ ಇದ್ದರೆ ತಾನೆ, ಎಂದುಕೊಂಡು ಮೇಲೆ ಬಂದೆ.

ಫೆಬ್ರವರಿ 13, ಗುರುವಾರ

ಕೋಟು ತರಲು ಹೋದಾಗ ಮಾತಿಗೆ ಮಾತು ಬಂದು ಆ ಡಬ್ಬಿಯ ಸುದ್ದಿ ಹೇಳಿದೆ. ನಗಲಿ ಎಂದೇ ಹೇಳಿದ್ದು. ಆಯಸ್ಸು ಜಾಸ್ತಿ ಮಾಡುವ ದ್ರಾಕ್ಷಿ ಸಿಪ್ಪೆಯಂತೆ, ನನ್ನ ಹತ್ತಿರ ಡಬ್ಬಿಗಟ್ಟಲೆ ಆಯಸ್ಸು ಕೊಳೆಯುತ್ತಿದೆ ಎಂದೆ.

ಟೈಲರು ಯಂತ್ರ ನಿಲ್ಲಿಸಿದರು.

“ನಿಜವಾಗ್ಲೂ ಜಾಸ್ತಿ ಆಗುತ್ತಾ ಅಕ್ಕ?”

“ಮಗಳು ಫೋನಲ್ಲಿ ಓದಿದಾಳೆ. ನಾನು ನುಂಗ್ತಿಲ್ಲ.”

“ಹಾಗಾದ್ರೆ ನನಗೆ ಕೊಡಿ.”

ತಮಾಷೆ ಎಂದುಕೊಂಡೆ. ಮುಖ ನೋಡಿದರೆ ತಮಾಷೆ ಇರಲಿಲ್ಲ. ಹೆಂಡತಿ ಒಳಗೆ ಹೋಗಿದ್ದರು, ಆದರೂ ದನಿ ತಗ್ಗಿಸಿ ಹೇಳಿದರು. “ನಮಗೆ ಮಕ್ಕಳಿಲ್ಲ. ಬೇರೆಯವರು ಅನ್ನ ಇಟ್ರೆ ಇವಳು ಮುಟ್ಟಲ್ಲ, ತಲೆ ಬಾಚೋಕೆ ಬಿಡಲ್ಲ. ಹೆಸರು ಮರೆತರೂ ಈ ಕೈ ಗುರುತಿದೆ ಅವಳಿಗೆ. ನನಗೆ ನೂರು ವರ್ಷ ಬೇಡ ಅಕ್ಕ. ಇವಳು ಹೋದ ಮೇಲೆ ಒಂದೇ ಒಂದು ದಿನ ಇದ್ರೆ ಸಾಕು.”

ನಾನು ಮೇಲೆ ಬಂದು ಪೆನ್ನಿನ ಡಬ್ಬಿಯಲ್ಲಿದ್ದುದನ್ನೆಲ್ಲ ಮತ್ತೆ ಆ ಡಬ್ಬಿಗೇ ತುಂಬಿದೆ. ಬೇಕಾದವರಿಗೆ ಕೊಟ್ಟರೆ ಹಾಳಾಗುವುದಿಲ್ಲ. ಹಣ್ಣಿನ ವ್ಯಾಪಾರದಲ್ಲಿ ನಾವು ಮಾಡುತ್ತಿದ್ದದ್ದೂ ಅದೇ ಅಲ್ಲವೇ.

ಫೆಬ್ರವರಿ 20, ಗುರುವಾರ

ದಿನಾ ಹತ್ತು ಗಂಟೆಗೆ ಒಂದು ಕ್ಯಾಪ್ಸೂಲು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಕೆಳಗೆ ಹೋಗುತ್ತೇನೆ. ಡಬ್ಬಿಯನ್ನೇ ಕೊಟ್ಟುಬಿಡಬಹುದಿತ್ತು. ಆದರೆ ಮಗಳ ಕಣ್ಣಿಗೆ ಡಬ್ಬಿ ಕಾಣುತ್ತಿರಬೇಕು. ಕಾರಣ ಅಷ್ಟೇ.

ಹೋದ ಕೂಡಲೇ ಹೆಂಡತಿಯ ಚೌಕಾಸಿ ಶುರು. ನಿನ್ನೆಯದು ನೆನಪಿರುವುದಿಲ್ಲ, ಆದರೆ ಚೌಕಾಸಿಯ ವಿದ್ಯೆ ಒಂದಿಷ್ಟೂ ಮರೆತಿಲ್ಲ. ಬೆಲೆ ಕೇಳುತ್ತಾರೆ, ಮೂಗು ಮುರಿಯುತ್ತಾರೆ, ಎದ್ದು ಹೋಗುವವರ ಹಾಗೆ ಮಾಡುತ್ತಾರೆ, ಮತ್ತೆ ಕೂರುತ್ತಾರೆ. ನಾನೂ ಬಿಡುವುದಿಲ್ಲ.

“ನಿಮ್ಮ ಮುಖ ನೋಡಿ ಕಡಿಮೆ ಮಾಡಿದೀನಿ ತಾಯಿ.”

“ನನ್ನ ಮುಖಕ್ಕೇನಾಗಿದೆ? ನಿನ್ನ ತಕ್ಕಡಿ ಮುಖ ನೋಡ್ಕೋ, ಒಂದು ಕಡೆ ವಾಲಿದೆ.”

ಟೈಲರು ಬಟ್ಟೆಯ ಮೇಲೆ ತಲೆ ಬಗ್ಗಿಸಿ ನಗುತ್ತಾರೆ. ಇವತ್ತು ಹೆಂಡತಿ ಡಬ್ಬದಿಂದ ಒಂದು ಕೆಂಪು ಗುಂಡಿ ತೆಗೆದು ನನ್ನ ಕೈಗೆ ಒತ್ತಿದರು. “ಮುಂಗಡ. ನಾಳೆ ಎರಡು ಕೆಜಿ ಎತ್ತಿಡು, ಬೇರೆಯವರಿಗೆ ಕೊಡಬೇಡ.”

ನಾನು ವಾಪಸು ಕೊಟ್ಟೆ. ಆಟವೇ ಇರಬಹುದು. ಆದರೆ ಮುಂಗಡ ತೆಗೆದುಕೊಂಡರೆ ಮರುದಿನ ಅಂಗಡಿ ತೆರೆಯಲೇಬೇಕು, ಜ್ವರ ಬಂದಿರಲಿ, ಮಳೆ ಹೊಡೆಯುತ್ತಿರಲಿ. ಯಜಮಾನರೂ ನಾನೂ ಹಾಗೇ ಬಾಳಿದವರು. ನಾಳೆಯ ಮಾತನ್ನು ಯಾರಿಗೂ ಕೊಡುವ ಸ್ಥಿತಿಯಲ್ಲಿ ನಾನಿಲ್ಲ.

ಫೆಬ್ರವರಿ 23, ಭಾನುವಾರ

ಕೆಳಗೆ ಅಂಗಡಿ ಮುಚ್ಚಿತ್ತು. ಮಗಳು ಮಧ್ಯಾಹ್ನದವರೆಗೆ ಮಲಗಿದಳು. ಎದ್ದು ಡಬ್ಬಿ ಅಲ್ಲಾಡಿಸಿ, “ನುಂಗ್ತಿದೀಯ ತಾನೆ?” ಎಂದಳು. “ಖಾಲಿ ಆಗ್ತಿದೆ ನೋಡು” ಎಂದೆ. ಸುಳ್ಳು ಹೇಳಲಿಲ್ಲ.

ಮೊಮ್ಮಗಳ ಫೋನು ಬಂತು. “ಅಜ್ಜಿ, ಆರಾಮಾ? ಸರಿ, ಅಮ್ಮನಿಗೆ ಕೊಡು.”

ಭಾನುವಾರಗಳು ಬಹಳ ಉದ್ದ.

ಮಾರ್ಚ್ 3, ಸೋಮವಾರ

ಟೈಲರ ಮುಂಗೈ ಮೇಲೆ ನೇರಳೆ ಕಲೆ. ಕಪ್ಪು ದ್ರಾಕ್ಷಿ ಹಿಸುಕಿದ ಹಾಗೆ. ಬಿದ್ದಿರಾ ಎಂದರೆ ಮೇಜಿಗೆ ತಗುಲಿರಬೇಕು ಎಂದರು. ಇನ್ನೊಂದು ಮೊಣಕೈ ಹತ್ತಿರ. ಎಷ್ಟು ಮೇಜುಗಳಿವೆ ನಿಮ್ಮ ಮನೆಯಲ್ಲಿ ಎಂದು ಗದರಿದೆ.

ಕ್ಯಾಪ್ಸೂಲು ಶುರುವಾದ ಮೇಲೆ ಮೈ ಹಗುರವಾಗಿದೆಯಂತೆ. ನಂಬಿಕೆಯೂ ಒಂದಿಷ್ಟು ತೂಕ ಇಳಿಸುತ್ತದೆ.

ಮಾರ್ಚ್ 5, ಬುಧವಾರ

ಸೂಜಿ ಚುಚ್ಚಿತು. ಟೈಲರಿಗೆ ಸೂಜಿ ಚುಚ್ಚುವುದು ಏನು ಹೊಸತು. ಆದರೆ ರಕ್ತ ನಿಲ್ಲಲಿಲ್ಲ. ಬೆರಳು ಬಾಯಲ್ಲಿಟ್ಟರು, ಚಿಂದಿ ಸುತ್ತಿದರು, ಚಿಂದಿಯೂ ನೆನೆಯಿತು. ಹೊಲಿಯುತ್ತಿದ್ದ ಬಿಳಿ ಅಂಗಿಯ ಕಾಲರಿಗೆ ಬಿತ್ತು. ಹೆಂಡತಿ ನೋಡಿ, “ದ್ರಾಕ್ಷಿ ರಸ ಚೆಲ್ಲಿದೆ, ಒರೆಸಿ” ಎಂದರು.

ರಾತ್ರಿ ಆ ಕ್ಯಾಪ್ಸೂಲಿನ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಮೇಲಿನ ಅಕ್ಷರ ಓದಲು ಬರಲಿಲ್ಲ. ನಿದ್ದೆ ಬರಲಿಲ್ಲ.

ಮಾರ್ಚ್ 6, ಗುರುವಾರ

ಇವತ್ತಿನದನ್ನು ಬರೆದಿಡಲೇಬೇಕು.

ಬೆಳಿಗ್ಗೆ ಕೆಳಗೆ ಹೋಗುವ ಮೊದಲು ಡಬ್ಬಿ ಹಿಡಿದುಕೊಂಡು ಬೀದಿ ತಿರುವಿನ ಔಷಧಿ ಅಂಗಡಿಗೆ ಹೋದೆ. ಅಲ್ಲಿನ ಹೆಣ್ಣುಮಗಳು ಡಬ್ಬಿ ತಿರುಗಿಸಿ ಓದಿದಳು.

“ಅಜ್ಜಿ, ಇದು ಯಾರು ತಗೊಳ್ತಿರೋದು?”

“ಪರಿಚಯದವರು. ಇದರಿಂದ ಆಯಸ್ಸು ಬೆಳೆಯುತ್ತಾ?”

“ಇಲಿ, ಹುಳ, ಇಂಥದ್ದರ ಮೇಲೆ ಪ್ರಯೋಗ ಮಾಡಿ ಏನೇನೋ ಹೇಳಿದಾರೆ. ಮನುಷ್ಯರ ವಿಷಯದಲ್ಲಿ ಗಟ್ಟಿಯಾಗಿ ಯಾರಿಗೂ ಗೊತ್ತಿಲ್ಲ. ಅವರು ಬೇರೆ ಮಾತ್ರೆ ತಗೊಳ್ತಾರಾ?”

“ಗೊತ್ತಿಲ್ಲ. ಮೈ ಮೇಲೆ ನೇರಳೆ ಕಲೆ ಬರ್ತಿದೆ. ರಕ್ತ ಬಂದ್ರೆ ನಿಲ್ತಿಲ್ಲ.”

ಅವಳು ಡಬ್ಬಿ ಕೆಳಗಿಟ್ಟಳು. “ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರಾದ್ರೆ ಇದನ್ನ ಡಾಕ್ಟರಿಗೆ ಹೇಳದೆ ತಗೋಬಾರದು ಅಜ್ಜಿ. ಎರಡೂ ಸೇರಿದ್ರೆ ರಕ್ತ ನಿಲ್ಲೋದು ಇನ್ನೂ ಕಷ್ಟ. ಈಗಲೇ ಹೋಗಿ ಕೇಳಿ.”

ಈ ಮೊಣಕಾಲು ಅಷ್ಟು ವೇಗವಾಗಿ ನಡೆದದ್ದು ನನಗೇ ನೆನಪಿಲ್ಲ. ಹೋದರೆ ಟೈಲರು ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮೂಗಿನಿಂದ ರಕ್ತ. ಮುಂದೆ ಹಾಸಿದ್ದ ಬಟ್ಟೆಯೆಲ್ಲ ಕೆಂಪು. ಹೆಂಡತಿ ಪಕ್ಕದಲ್ಲಿ ನಿಂತು ಒಂದೊಂದೇ ಗುಂಡಿಯನ್ನು ಅವರ ಕೈಗೆ ಕೊಡುತ್ತಿದ್ದರು.

“ರಕ್ತ ತೆಳು ಮಾಡೋ ಮಾತ್ರೆ ತಗೋತೀರಾ?”

ತಲೆ ಆಡಿಸಿದರು. ಎದೆನೋವು ಬಂದಾಗಿನಿಂದ ದಿನಾ ರಾತ್ರಿ ಒಂದಂತೆ. ನನಗೆ ಹೇಳಿರಲಿಲ್ಲ. ನಾನು ಕೇಳಿರಲಿಲ್ಲ. ದ್ರಾಕ್ಷಿ ತಾನೆ ಎಂದು ಇಬ್ಬರೂ ಅಂದುಕೊಂಡಿದ್ದೆವು.

ರಸ್ತೆಗೆ ಬಂದು ನಿಂತು ಕೂಗಿದೆ. ಗಂಟಲು ಇತ್ತು. ಎದುರಿನ ಕಟ್ಟಡದವರೆಲ್ಲ ಕಿಟಕಿಗೆ ಬಂದರು, ಯಾರೋ ಆಂಬುಲೆನ್ಸ್ ಕರೆದರು. ಬಂದವರ ಕೈಗೆ ಡಬ್ಬಿ ಕೊಟ್ಟು, “ಇದನ್ನ ಡಾಕ್ಟರಿಗೆ ತೋರಿಸಿ. ದಿನಾ ಒಂದು ತಗೊಂಡಿದಾರೆ. ಕೊಟ್ಟೋಳು ನಾನು” ಎಂದೆ.

ಒಯ್ಯುವಾಗ ಟೈಲರು ನನ್ನ ಕೈ ಹಿಡಿದರು. ಹೆಂಡತಿಯ ಕಡೆ ನೋಡಿದರು, ಅಷ್ಟೇ.

ಇಡೀ ದಿನ ಅವರ ಮನೆಯಲ್ಲೇ ಇದ್ದೆ. ಮಧ್ಯಾಹ್ನ ಅನ್ನ ಕಲಸಿಟ್ಟರೆ ಹೆಂಡತಿ ತಟ್ಟೆ ತಳ್ಳಿದರು. ಎರಡು ಸಲ ತಳ್ಳಿದರು. ಆಮೇಲೆ ನನಗೇನು ಬುದ್ಧಿ ಬಂತೋ, “ಬೇಡ ಅಂದ್ರೆ ಬಿಡಿ ತಾಯಿ, ಆಚೆ ಬೀದಿಯವರು ಕೇಳ್ತಿದಾರೆ, ಅವರಿಗೇ ಕೊಡ್ತೀನಿ” ಎಂದು ತಟ್ಟೆ ಎತ್ತಿಕೊಂಡೆ. “ಇಡು ಇಲ್ಲಿ. ಎಷ್ಟು ಹೇಳು ಮೊದಲು” ಎಂದರು. ಒಂದೊಂದು ತುತ್ತಿಗೂ ಬೆಲೆ ಇಳಿಸುತ್ತ ಇಡೀ ತಟ್ಟೆ ಮುಗಿಸಿದರು. ಜೊತೆಗೆ ನಾನೂ ಉಂಡೆ.

ಕತ್ತಲಾದದ್ದು ತಿಳಿಯಲಿಲ್ಲ. ಮೆಟ್ಟಿಲ ಮೇಲೆ ಯಾರೋ ದಡದಡ ಇಳಿದು ಬರುವ ಸದ್ದು. ಲಿಫ್ಟು ಬಿಟ್ಟು ಮೂರು ಅಂತಸ್ತು ಓಡಿ ಇಳಿದಿದ್ದಾಳೆ ನನ್ನ ಮಗಳು. ಒಂದು ಕಾಲಿಗೆ ಚಪ್ಪಲಿ ಇಲ್ಲ.

“ಮನೇಲಿ ದೀಪ ಇರಲಿಲ್ಲ” ಎಂದಳು. ಬಾಗಿಲ ಚೌಕಟ್ಟು ಹಿಡಿದು ನಿಂತು ಮತ್ತೆ ಅದನ್ನೇ ಹೇಳಿದಳು. “ದೀಪ ಇರಲಿಲ್ಲ ಅಮ್ಮ.”

ಕೂರಿಸಿ ನೀರು ಕೊಟ್ಟು ಎಲ್ಲ ಹೇಳಿದೆ. ಒಂದನ್ನೂ ನಾನು ನುಂಗಿಲ್ಲ ಎಂದೂ ಹೇಳಿದೆ. ಬೈಯುತ್ತಾಳೆ ಎಂದು ಕಾದೆ.

“ನಿನಗೆ ಇರೋಕೆ ಇಷ್ಟ ಇಲ್ವಾ ನನ್ನ ಜೊತೆ?”

“ಇದ್ದು ಏನು ಮಾಡಲಿ ಕಣೇ? ದಿನವೆಲ್ಲ ಫ್ರಿಜ್ಜಿನ ಜೊತೆ ಮಾತಾಡ್ಲಾ?”

ಅವಳು ಲೋಟದ ನೀರು ಕುಡಿದು ಮುಗಿಸಿದಳು. ಆಮೇಲೆ ಹೇಳಿದಳು, ನನ್ನನ್ನು ನೋಡದೆ. “ಪಾಪು ಹಾಸ್ಟೆಲಿಗೆ ಹೋದ್ಮೇಲೆ ಎರಡು ವರ್ಷ ಕತ್ತಲೆ ಮನೆಗೆ ಬೀಗ ತೆಗೆದು ಒಳಗೆ ಹೋಗಿದೀನಿ. ಈಗ ಕಾರು ನಿಲ್ಲಿಸಿದ ಕೂಡಲೇ ತಲೆ ಎತ್ತಿ ಮೂರನೇ ಮಹಡಿ ನೋಡ್ತೀನಿ. ದೀಪ ಇರುತ್ತೆ. ಅಷ್ಟೇ ಅಮ್ಮ. ಅದಕ್ಕೇ ಆ ಡಬ್ಬಿ ತಂದೆ.”

ಇದನ್ನು ಅವಳು ಮೊದಲೇ ಹೇಳಬಹುದಿತ್ತು. ನಾನೂ ಕೇಳಬಹುದಿತ್ತು. ನಮ್ಮ ಮನೆಯಲ್ಲಿ ಮಾತನಾಡುವ ಕೆಲಸವನ್ನು ಲಿಫ್ಟಿಗೆ ಬಿಟ್ಟಿದ್ದೇವೆ.

“ಟೈಲರೇ, ಇವರಿಬ್ಬರ ಅಳತೆ ತಗೊಳ್ಳಿ, ಹೊತ್ತಾಯ್ತು” ಎಂದರು ಹೆಂಡತಿ, ಖಾಲಿ ಕುರ್ಚಿಯ ಕಡೆ ನೋಡಿ.

ಮಾರ್ಚ್ 8, ಶನಿವಾರ

ರಕ್ತ ನಿಂತಿದೆಯಂತೆ. ಸೋಮವಾರ ಬಿಡುತ್ತಾರಂತೆ. ಮಗಳು ಆಸ್ಪತ್ರೆಗೆ ಹೋಗಿ ನೋಡಿ ಬಂದಳು, ಬರುತ್ತ ಕನ್ನಡಕದ ಅಂಗಡಿಗೆ ಫೋನು ಮಾಡಿ ಇವತ್ತು ರಜೆ ಎಂದಳಂತೆ. ರಾತ್ರಿ ನಾವಿಬ್ಬರೂ ಕೆಳಗಿನ ಮನೆಯಲ್ಲೇ ಮಲಗುತ್ತಿದ್ದೇವೆ. ಮಗಳು ಗೊರಕೆ ಹೊಡೆಯುತ್ತಾಳೆ, ಅವರಪ್ಪನ ಹಾಗೆ. ಇಷ್ಟು ದಿನ ಒಂದೇ ಮನೆಯಲ್ಲಿದ್ದರೂ ಗೊತ್ತಿರಲಿಲ್ಲ.

ಮಾರ್ಚ್ 10, ಸೋಮವಾರ

ಟೈಲರು ಬಂದರು. ಮುಖ ಬಿಳುಚಿದೆ. ಬಂದವರೇ ಹೆಂಡತಿಯ ತಲೆ ಮುಟ್ಟಿ ನೋಡಿದರು. ಜಡೆ ಹಾಕಿದ್ದು ಯಾರು ಎಂದು ಕೇಳಿದರು.

“ನಾನೇ. ಬಾಚೋಕೆ ಬಿಡಲ್ಲ ಅಂದಿದ್ರಲ್ಲ. ಗಿರಾಕಿ ಹತ್ತಿರ ಹೇಗೆ ಮಾತಾಡ್ಬೇಕು ಅಂತ ನಿಮಗೆ ಗೊತ್ತಿಲ್ಲ, ಅಷ್ಟೇ.”

ನನ್ನ ತಪ್ಪಿಗೆ ಕ್ಷಮೆ ಕೇಳಬೇಕೆಂದು ಮಾತು ಜೋಡಿಸಿಕೊಂಡು ಹೋಗಿದ್ದೆ. ಅವರು ಬಿಡಲಿಲ್ಲ. “ಕೇಳಿದ್ದು ನಾನು ಅಕ್ಕ. ಆಸೆ ನಂದು.” ಸ್ವಲ್ಪ ಹೊತ್ತಾದ ಮೇಲೆ ದಾರದ ಉಂಡೆ ನೋಡುತ್ತ ಹೇಳಿದರು. “ಆ ಡಬ್ಬಿಯೂ ಹೋಯ್ತು. ಇನ್ನು ಇವಳಿಗಿಂತ ಮೊದಲು ನಾನೇ ಹೋಗ್ಬಿಟ್ರೆ?”

ನಾನು ಯೋಚಿಸಿ ಹೇಳಲಿಲ್ಲ, ಬಾಯಿಗೆ ಬಂದಿತು. “ಹೋದ್ರೆ ಹೋಗಿ. ನಾನಿರ್ತೀನಲ್ಲ.”

ಮೇಲೆ ಬಂದು ಕೂತ ಮೇಲೆ, ಏನು ಮಾತು ಕೊಟ್ಟು ಬಂದೆ ಎಂದು ಗೊತ್ತಾಯಿತು. ವಾಪಸು ತೆಗೆದುಕೊಳ್ಳಲು ಕೆಳಗೆ ಹೋಗಬೇಕು. ಮೊಣಕಾಲು ನೋವು, ಹೋಗಲಿಲ್ಲ.

ಮಾರ್ಚ್ 17, ಸೋಮವಾರ

ಕೋಟು ಕಂಕುಳಲ್ಲಿ ಹಿಡಿಯುತ್ತಿದೆ. ಟೈಲರು ಕೆಟ್ಟದಾಗಿ ಹೊಲಿದಿದ್ದಾರೆ ಎಂದು ಜಗಳಕ್ಕೆ ಹೋದೆ. ಅವರು ಒಳಗಿನ ಮಡಿಕೆ ಬಿಚ್ಚಿ ಒಂದು ಬೆರಳಗಲ ಸಡಿಲ ಮಾಡಿಕೊಟ್ಟರು. ಮುಖದಲ್ಲಿ ನಗು ಇತ್ತು, ಏಕೆಂದು ನಾನು ಕೇಳಲಿಲ್ಲ.

ಮಾರ್ಚ್ 19, ಬುಧವಾರ

ನಿನ್ನೆ ಸಂಜೆ ಮಗಳು ಒಂದು ಚೀಲ ಕಪ್ಪು ದ್ರಾಕ್ಷಿ ತಂದಳು. “ಡಬ್ಬಿ ಬೇಡ ಅಂದ್ರೆ ಬೇಡ. ಹಣ್ಣಾದ್ರೂ ತಿನ್ನು” ಎಂದು ತೊಳೆದು ತಟ್ಟೆಯಲ್ಲಿಟ್ಟಳು. ನನ್ನ ಕೈ ತಾನಾಗಿ ಚೀಲದ ತಳಕ್ಕೆ ಹೋಯಿತು, ಉದುರಿದ್ದು ಎಷ್ಟಿದೆ ಎಂದು.

“ಅಮ್ಮ, ಏನು ಹುಡುಕ್ತಿದೀಯ? ಗೊಂಚಲಿಂದ ಕಿತ್ಕೋ.”

“ಬೋಳಾಗುತ್ತೆ ಕಣೇ.”

“ಆಗ್ಲಿ. ಯಾರು ಬರ್ತಾರೆ ಕೊಳ್ಳೋಕೆ?”

ಒಂದನ್ನು ಹಿಡಿದು ಎಳೆದೆ. ಸುಲಭವಾಗಿ ಬರಲಿಲ್ಲ, ತೊಟ್ಟು ಒಂದು ಕ್ಷಣ ಹಿಡಿದುಕೊಂಡಿತು. ಉದುರಿದ್ದಕ್ಕೆ ಹಾಗೆ ಇರುವುದಿಲ್ಲ. ಬಾಯಿಗೆ ಹಾಕಿಕೊಂಡೆ. ಹುಳಿ. ನಾನಾಗಿದ್ದರೆ ‘ತುಂಬಾ ಸಿಹಿ’ ರಟ್ಟು ಸಿಕ್ಕಿಸಿ ಮಾರುತ್ತಿದ್ದ ಹಣ್ಣು. ಮಗಳಿಗೆ ಹೇಳಿದೆ, ಅವಳು ಅವರಪ್ಪನ ಹಾಗೆ ಬಾಯಿ ತೆರೆದು ನಕ್ಕಳು. ಇಬ್ಬರೂ ಸೇರಿ ಒಂದು ಗೊಂಚಲು ಪೂರ್ತಿ ಬೋಳು ಮಾಡಿದೆವು. ಹುಳಿಯಾದರೂ ಬಿಡಲಿಲ್ಲ. ನಮ್ಮ ಯಜಮಾನರಿಗೆ ಒಂದು ಸಲವಾದರೂ ಕಿತ್ತು ಕೊಡಬೇಕಿತ್ತು.

ಇವತ್ತು ಉಳಿದ ಗೊಂಚಲು ಕೆಳಗೆ ಒಯ್ದೆ. ಹೆಂಡತಿ ನಿಜವಾದ ದ್ರಾಕ್ಷಿಯನ್ನು ಕೈಯಲ್ಲೇ ತೂಗಿ ನೋಡಿದರು. ಆಮೇಲೆ ಒಂದು ಕಿತ್ತು ತಿಂದು ಮುಖ ಕಿವುಚಿದರು.

“ಹುಳಿ. ಇದನ್ನ ಯಾರಿಗೆ ಕಟ್ಟೋಕೆ ಬಂದೆ? ನಾಳೆ ಒಳ್ಳೇದು ತಗೊಂಡು ಬಾ.”

ಗುಂಡಿಗಳ ಡಬ್ಬದಲ್ಲಿ ಕೈಯಾಡಿಸಿ ಆ ಕೆಂಪು ಗುಂಡಿಯನ್ನೇ ತೆಗೆದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಚಿದರು. “ಮುಂಗಡ.”

ಟೈಲರು ಯಂತ್ರ ನಿಲ್ಲಿಸಿ ನೋಡುತ್ತಿದ್ದರು. ಎಲ್ಲರೆದುರು ವಾಪಸು ಕೊಡುವುದು ಹೇಗೆ. ಇಟ್ಟುಕೊಂಡೆ. ಈಗ ಮೊಮ್ಮಗಳ ಪೆನ್ನಿನ ಡಬ್ಬಿಯಲ್ಲಿದೆ. ಬೆಳಿಗ್ಗೆ ಬೇಗ ಮಾರುಕಟ್ಟೆಗೆ ಹೋಗಬೇಕು, ಈ ಬೀದಿಯವರ ಹತ್ತಿರ ಒಳ್ಳೆಯ ಹಣ್ಣು ಸಿಗುವುದಿಲ್ಲ. ಕೋಟು ತೆಗೆದಿಡಬೇಕು.

ಏಳು ಗಂಟೆಯಾಗುತ್ತ ಬಂತು. ಬರೆದದ್ದು ಸಾಕು, ಎದ್ದು ದೀಪ ಹಾಕುತ್ತೇನೆ.